ತಂಗಿಯ ಮುಖದ ಗೆರೆಗಳು

ಹೋದ ವಾರ ನಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದರು. ಹೆಣ್ಣು ನನ್ನ ತಂಗಿ ಸಾವಿತ್ರಿ. ಅವಳ ಮುಖ ಚೆನ್ನಾಗಿ ಕಾಣಲಿ ಎಂದು ನಾನೊಂದು ಕೆಲಸ ಮಾಡಿದೆ. ಪತ್ರಿಕೆಯಲ್ಲಿ ವಾರವಾರ ನನ್ನ ಈ ಅಂಕಣ ಓದುವ ನಿಮಗೆ ಅದನ್ನು ಇವತ್ತು ಹೇಳಬೇಕು.

ಸಾವಿತ್ರಿ ನರ್ಸ್. ಈ ಫ್ಲೂ ಊರಿಗೆ ಬಂದಾಗಿನಿಂದ ಅವಳಿಗೆ ಜ್ವರದ ವಾರ್ಡಿನಲ್ಲೇ ಡ್ಯೂಟಿ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾದರೂ ಆಸ್ಪತ್ರೆಯಲ್ಲಿ ಇಷ್ಟೇ: ಬಾಯಿಗೆ ಕಟ್ಟಿಕೊಳ್ಳಲು ಬಟ್ಟೆ ಕೊಡುತ್ತಾರೆ. ಕಣ್ಣಿಗೆ? ಏನೂ ಇಲ್ಲ. ಬಗ್ಗಿದಾಗ ರೋಗಿ ಕೆಮ್ಮಿದರೆ ಎಲ್ಲವೂ ನೇರ ಕಣ್ಣಿಗೆ.

ಅದಕ್ಕೇ ಕಾಮಾಕ್ಷಿಪಾಳ್ಯದ ನಮ್ಮ ವರ್ಕ್‌ಷಾಪಿನಿಂದ ಒಂದು ಗಾಗಲ್ಸ್ ತಂದುಕೊಟ್ಟೆ. ಗ್ರೈಂಡಿಂಗ್ ಮಾಡುವಾಗ ಕಿಡಿ ಕಣ್ಣಿಗೆ ಹಾರದಿರಲೆಂದು ನಾವು ಹಾಕಿಕೊಳ್ಳುವಂಥದ್ದು, ಸುತ್ತ ಚರ್ಮದ ಅಂಚು. (ಮೇಸ್ತ್ರಿಯನ್ನು ಕೇಳಿಯೇ ತಂದೆ.) ವಾರ್ಡಿನ ಡಾಕ್ಟರು "ಇನ್ನೂ ನಾಲ್ಕು ಸಿಗತ್ತೇನಮ್ಮ?" ಎಂದರಂತೆ. ನಾನು ಬೀಗಿದೆ.

ಆದರೆ ಚರ್ಮ ಬಿಗಿ. ಡ್ಯೂಟಿ ಮುಗಿಸಿ ಬಂದರೆ ಅವಳ ಕಣ್ಣಿನ ಸುತ್ತ ಕೆಂಪು ಗೆರೆ, ಮೂಗಿನ ಮೇಲೆ ಕಂದು ಕಲೆ. ಹೊಸಹಳ್ಳಿಯಿಂದ ಹುಡುಗನ ಕಡೆಯವರು ಬರುತ್ತೇವೆಂದು ಹೇಳಿ ಕಳಿಸಿದ್ದೇ ತಡ, ನನಗೆ ಆ ಗೆರೆಗಳೇ ಕಾಣತೊಡಗಿದವು. ನರ್ಸ್ ಕೆಲಸದವಳು ಎಂದು ಇಬ್ಬರು ಆಗಲೇ ಬೇಡವೆಂದಿದ್ದರು. ಅಪ್ಪ ಇಲ್ಲದ ಮನೆ. ಮದುವೆ ಮಾಡಬೇಕಾದವನು ನಾನು.

"ಇದೊಂದು ವಾರ ಅದನ್ನ ಹಾಕ್ಕೋಬೇಡ ಕಣೇ," ಎಂದೆ. "ನೊಗ ಉಜ್ಜಿದ ಎತ್ತಿನ ಹೆಗಲಾಗಿದೆ ನಿನ್ನ ಮುಖ."

"ಎತ್ತೇ ವಾಸಿ. ಅದನ್ನ ಯಾರೂ ಉಪ್ಪಿಟ್ಟು ತಿನ್ನುತ್ತಾ ಕೂತು ನೋಡಲ್ಲ," ಎಂದಳು. ಆಮೇಲೆ ನಗು ನಿಲ್ಲಿಸಿ, "ಜಾಗ ಇಲ್ದೆ ನೆಲದ ಮೇಲೆ ಮಲಗಿಸ್ತಾ ಇದೀವಿ ಅಣ್ಣ. ಬಗ್ಗದೆ ಆಗಲ್ಲ," ಎಂದಳು.

"ಮುಖ ಆ ಕಡೆ ತಿರುಗಿಸ್ಕೋ."

ಹೀಗೆ ಹೇಳಿದ ನಾನು ಒಂದು ದಿನವೂ ಆ ವಾರ್ಡಿನೊಳಗೆ ಕಾಲಿಟ್ಟವನಲ್ಲ. ಗಾಗಲ್ಸನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಅವಳು ಬರಿಗಣ್ಣಲ್ಲೇ ಡ್ಯೂಟಿಗೆ ಹೋದಳು. (ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನೆಂದು ನಿಮಗೆ ಗೊತ್ತು. ಇದಕ್ಕೆ ಅದು ಕಾರಣವಲ್ಲ. ಕಣ್ಣಿಗೆ ಮರೆ ಯಾಕೆ ಬೇಕೆಂದು ತಿಳಿಯಲು ಓದು ಬೇಕೇ?)

ಹುಡುಗನ ಕಡೆಯವರು ಬಂದರು. ಸಾವಿತ್ರಿಯ ಮುಖ ತಿಳಿಯಾಗಿತ್ತು. ಅವಳೇ ಕಾಫಿ ಕೊಟ್ಟಳು. ಹುಡುಗನ ತಾಯಿ ಏದುಸಿರು ಬಿಡುತ್ತಾ ಮೆಲ್ಲಗೆ ಕೇಳಿದರು: "ಜ್ವರದವರ ಮಧ್ಯೆ ಇರ್ತಾಳಲ್ಲಪ್ಪ, ಇವಳಿಗೆ ಅಂಟಲ್ವಾ?"

"ಅಂಟೋಕೆ ಬಿಡ್ತೀನಾ ಅಮ್ಮ?" ಎಂದೆ. ಎದ್ದುಹೋಗಿ, ಟ್ರಂಕಿನ ಬೀಗ ತೆಗೆದು, ಗಾಗಲ್ಸ್ ತಂದು ತೋರಿಸಿದೆ. "ಇದಿಲ್ದೆ ವಾರ್ಡಿನೊಳಕ್ಕೆ ಹೋಗೋದೇ ಇಲ್ಲ."

ಹುಡುಗ ಅದನ್ನು ಹಾಕಿಕೊಂಡು ನೋಡಿದ. ಎಲ್ಲರೂ ನಕ್ಕರು. ಸಾವಿತ್ರಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅವಳಿಗೆ ಜ್ವರ. ಈಗ ತನ್ನದೇ ವಾರ್ಡಿನ ಕಿಟಕಿಯ ಪಕ್ಕ ಮಲಗಿದ್ದಾಳೆ. ಗಾಗಲ್ಸ್ ಇದ್ದಿದ್ದರೆ ಬರುತ್ತಿರಲಿಲ್ಲವೇ? ಖಚಿತವಾಗಿ ಹೇಳಲಾರೆ ಎಂದರು ಡಾಕ್ಟರು. ಆ ಮಾತು ಕೇಳಿ ನನಗೆ ಒಂದು ಗಳಿಗೆ ಸಮಾಧಾನವಾಯಿತು. ಅದಕ್ಕೂ ನಾಚಿಕೆಯಾಗುತ್ತಿದೆ.

ಇವತ್ತು ಬೆಳಿಗ್ಗೆ ಹೊಸಹಳ್ಳಿಯಿಂದ ಸುದ್ದಿ ಬಂತು: ಹುಡುಗಿ ಒಪ್ಪಿಗೆ. ಓಡಿಹೋಗಿ ಕಿಟಕಿಯಾಚೆಯಿಂದಲೇ ಹೇಳಿದೆ. ಅವಳಿಗೆ ತಲೆ ಎತ್ತಲೂ ಆಗುತ್ತಿರಲಿಲ್ಲ.

"ಅವ್ರ ಮನೇಲಿ ಯಾರಿಗಾದ್ರೂ ಮೈ ಬಿಸಿ ಇದೆಯಾ ಅಂತ ಕೇಳಿದ್ಯಾ?"

"ಇಲ್ಲ."

"ಅವತ್ತೇ ನನಗೆ ಗಂಟಲು ಕೆರೀತಿತ್ತು. ನೀನು ಅಷ್ಟು ಆಸೆಯಿಂದ ಕೂತಿದ್ದೆ, ಹೇಳಲಿಲ್ಲ. ಕೈಯಾರೆ ಕಾಫಿ ಕೊಟ್ಟಿದೀನಿ. ಆ ಅಮ್ಮಂಗೆ ದಮ್ಮು ಬೇರೆ ಇದೆ. ಹೋಗಿ ಇದ್ದದ್ದು ಇದ್ದಂಗೆ ಹೇಳು ಅಣ್ಣ. ನೀನು ಬೀಗ ಹಾಕಿದ್ದೂ."

ಹೇಳಿದರೆ ಈ ಸಂಬಂಧ ಉಳಿಯುವುದಿಲ್ಲ. ಹೇಳದಿದ್ದರೆ ಆ ತಾಯಿ?

ಸೈಕಲ್ ಹತ್ತಿದೆ. ಮಾಗಡಿ ರಸ್ತೆಯ ತನಕ ಹೋದೆ. ವಾಪಸು ರಾಜಾಜಿನಗರದ ಮನೆಗೆ ಬಂದು ಇದನ್ನು ಬರೆಯಲು ಕೂತೆ.

ನಿಮ್ಮೆಲ್ಲರ ಮುಂದೆ ಹೇಳಿಕೊಳ್ಳಲು ಬಂದ ಧೈರ್ಯ, ಒಬ್ಬ ತಾಯಿಯ ಬಾಗಿಲು ತಟ್ಟಲು ನನಗೆ ಯಾಕೆ ಬರುತ್ತಿಲ್ಲ?