ಮೇಲಿನ ಸಾಲಿನಲ್ಲಿದ್ದ ಊರು

ಲಾಕ್‌ಡೌನ್ ಮುಗಿದ ಮರುವರ್ಷದ ಮೇ ತಿಂಗಳು. ಗದಗದ ಗುತ್ತಿಗೆದಾರರೊಬ್ಬರ ಬಳಿ ನಾನು ಸೈಟ್ ಎಂಜಿನಿಯರ್ ಆಗಿದ್ದೆ. ಡಂಬಳದಲ್ಲಿ ಬಳೆ ಮಾರುವ ಹಜರತ್‌ಬಿಯ ಎರಡು ಕೋಣೆಯ ಮನೆಗೆ ಅಂದು ಚಾವಣಿಯ ಸ್ಲ್ಯಾಬ್ ಹಾಕಬೇಕಿತ್ತು. ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಸೈಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಎರಡು ಮಳೆಗಾಲ ಕಳೆದಿದ್ದ ಹಜರತ್‌ಬಿಗೆ, ಬಾಣಂತಿಯನ್ನೂ ಅಲ್ಲೇ ಮಲಗಿಸಬೇಕಾದೀತೆಂಬ ದಿಗಿಲು.

ಸ್ಲ್ಯಾಬ್ ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದಲ್ಲಿ ಬೆಸುಗೆ ಕೂಡದೆ ಮುಂದೆ ಸೋರುತ್ತದೆ. ಹಸಿ ಕಾಂಕ್ರೀಟ್ ಮೇಲೆ ಜೋರು ಮಳೆ ಬಿದ್ದರಂತೂ ಸಿಮೆಂಟ್ ತೊಳೆದು ಹೋಗಿ ಖಡಿ, ಅಂದರೆ ಜಲ್ಲಿಕಲ್ಲು, ಮಾತ್ರ ಉಳಿಯುತ್ತದೆ. ಆದ್ದರಿಂದ ಹವಾಮಾನ ನೋಡದೆ ನಾನು ಮಿಕ್ಸರ್ ತಿರುಗಿಸಗೊಡುತ್ತಿರಲಿಲ್ಲ. ಕಂಪ್ಯೂಟರ್ ಕಲಿತದ್ದು ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡುವ ಕಾಲದಲ್ಲಿ. ಮೊಬೈಲ್ ಆ್ಯಪ್‌ಗಳ ಜಾಹೀರಾತು ಕಂಡರೆ ನನಗೆ ಮೈ ಉರಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್ ಎಂಬ ಅದೇ ಕಪ್ಪು ಪರದೆ ತೆರೆದು ಒಂದೇ ಸಾಲಿನ ಕಮಾಂಡ್ ಕೊಟ್ಟರೆ ಮೂರು ದಿನದ ಮುನ್ಸೂಚನೆ ಬರುತ್ತಿತ್ತು. ಅದರ ಜಂಬವೂ ನನಗೆ ತುಸು ಇತ್ತು ಅನ್ನಿ.

ಅಂದು ಬೆಳಗ್ಗೆ ಒಂಬತ್ತಕ್ಕೆ ಪರದೆ ಹೇಳಿತು: ಬಿಸಿಲು, ಮಳೆ ಇಲ್ಲ. ಮಿಕ್ಸರ್ ಮೊದಲ ಸುತ್ತು ತಿರುಗಿತು. ಮೇಸ್ತ್ರಿ ಮೌಲಾಸಾಬ್ ಮಾತ್ರ ಕಪ್ಪತಗುಡ್ಡದ ಕಡೆ ನೋಡುತ್ತ ನಿಂತುಬಿಟ್ಟ. ಧಗೆ ವಿಪರೀತ ಇದೆ, ಮೋಡ ಏರುತ್ತಿದೆ ಎಂದ. ಬಾಯಿ ಮುಚ್ಚಿ ಕೆಲಸ ನೋಡು ಎಂದು ಗದರಿದೆ. ಆತ ಸಿಟ್ಟಾಗಲಿಲ್ಲ; ನಿಮ್ಮ ಡಬ್ಬಿ ಸೆಕೆ ಎಷ್ಟು ಹೇಳುತ್ತದೆ ಎಂದು ಕೇಳಿದ. ಇಪ್ಪತ್ತೆರಡು ಡಿಗ್ರಿ ಎಂದೆ.

ಮೌಲಾಸಾಬ್ ಟವೆಲ್ಲಿನಿಂದ ಕತ್ತಿನ ಬೆವರು ಒರೆಸಿಕೊಂಡ. "ಇಲ್ಲಿ ಅಂಗಿ ಹಿಂಡಿದ್ರ ನೀರು ಬರಾಕತ್ತೈತಿ. ಸಾಹೇಬ್ರ, ಅದು ಯಾವ ಊರಿನ ಹವಾ ಹೇಳಾಕತ್ತೈತಿ, ಒಮ್ಮೆ ನೋಡ್ರಿ."

ನೋಡಿದೆ. ಮೇಲಿನ ಸಾಲಿನಲ್ಲೇ ಇತ್ತು: ಬೆಂಗಳೂರು. ಊರಿನ ಹೆಸರು ಕೊಡದಿದ್ದರೆ ಆ ಕಮಾಂಡ್ ಇಂಟರ್‌ನೆಟ್ ಜಾಡು ಹಿಡಿದು ತಾನೇ ಒಂದು ಊರು ಊಹಿಸುತ್ತದೆ. ಗದಗದ ಆಫೀಸಿನ ಲೈನಿನಲ್ಲಿ ಸರಿಯಾಗಿ ಗದಗ ಎನ್ನುತ್ತಿತ್ತು; ಇಲ್ಲಿ ಮೊಬೈಲಿನಿಂದ ನೆಟ್ ಕೊಟ್ಟಿದ್ದೆ, ಆ ಮೊಬೈಲ್ ಕಂಪನಿಯ ಜಾಡು ಬೆಂಗಳೂರಿಗೆ ಹೋಗಿ ಮುಟ್ಟುತ್ತಿತ್ತು. ಡಂಬಳದ ಅಕ್ಷಾಂಶ, ರೇಖಾಂಶ ಹೊಡೆದೆ. ಮೂವತ್ತೊಂದು ಡಿಗ್ರಿ, ಮಧ್ಯಾಹ್ನದಿಂದ ಗುಡುಗು ಮಳೆ.

ಕೆಲಸ ನಿಲ್ಲಿಸಿದೆ. ಕಲಸಿದ ಕಾಂಕ್ರೀಟ್ ಇನ್ನೂ ಮೇಲೇರಿರಲಿಲ್ಲ; ಅದನ್ನು ಬಾಗಿಲ ಮುಂದಿನ ಕಟ್ಟೆಗೆ ಹಾಕಿಸಿ ತಾಡಪತ್ರಿ ಮುಚ್ಚಿಸಿದೆ. ಒಂದೂವರೆಗೆ ಮಳೆ ಹೇಗೆ ಹೊಡೆಯಿತೆಂದರೆ, ಶೆಡ್ಡಿನಲ್ಲಿ ಪಕ್ಕದವರ ಮಾತೂ ಕೇಳಲಿಲ್ಲ. ಹಜರತ್‌ಬಿ ಎಲ್ಲರಿಗೂ ಚಹಾ ಕೊಟ್ಟಳು. ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಸದ್ದು ತುಸು ತಗ್ಗಿದ ಮೇಲೆ, ಗದರಿದ್ದಕ್ಕೆ ತಪ್ಪಾಯಿತು ಎಂದು ಮೌಲಾಸಾಬನಿಗೆ ಎಲ್ಲರೆದುರೇ ಹೇಳಿದೆ. ಆತ, "ಇರಲಿ ಬಿಡ್ರಿ, ಚಾ ಆರತೈತಿ," ಎಂದ.

ನಾಲ್ಕನೆಯ ದಿನ ಸ್ಲ್ಯಾಬ್ ಹಾಕಿದೆವು. ಅಂದಿನಿಂದ ನಾನು ಯಾವ ಮುನ್ಸೂಚನೆ ಓದಿದರೂ ಮೊದಲು ಊರಿನ ಹೆಸರು ಓದುತ್ತೇನೆ, ಆಮೇಲೆ ಹೊರಗೆ ಬಂದು ನಿಲ್ಲುತ್ತೇನೆ.

ಜುಲೈನಲ್ಲೊಂದು ಮಧ್ಯಾಹ್ನ ಹಜರತ್‌ಬಿಯ ಫೋನ್ ಬಂತು. "ಸಾಹೇಬ್ರ, ಮುಂಜಾನಿಂದ ಮಳಿ ಹಿಡದೈತಿ. ಕೂಸು ಒಳಗ ಬೆಚ್ಚಗ ಮಲಗೈತಿ."

ಅದು ಯಾವ ಊರಿನ ಹವಾ ಎಂದು ಕೇಳಬೇಕಾಗಿರಲಿಲ್ಲ.