ನೂರು ಕೊಡಕ್ಕೆ ಎರಡು ಕೊಸರು

ಗುರುಲಿಂಗಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸಿಂಧನೂರಿನಲ್ಲಿ ಹೇಳದವರಿಲ್ಲ. ಆ ಸಿಟ್ಟನ್ನು ಗುರುತಿಸಿ ಕೆಲಸಕ್ಕೆ ಹಚ್ಚಿದವರು ಅವಳ ಮಾವ ಸೂಗಪ್ಪ. ಲಿಂಗಸುಗೂರಿನಿಂದ ಹತ್ತೊಂಬತ್ತರ ಹುಡುಗಿ ಸೊಸೆಯಾಗಿ ಬಂದ ಹೊಸತು. ಹಾಲಿನವನ ಅಳತೆಯ ತಂಬಿಗೆಯ ತಳ ಒಳಕ್ಕೆ ಬಡಿದಿದ್ದನ್ನು ಕಂಡವಳೇ ಅವನನ್ನು ಬೀದಿಯಲ್ಲಿ ನಿಲ್ಲಿಸಿ ಓಣಿಗೆಲ್ಲ ಕೇಳುವಂತೆ ಬೈದಿದ್ದಳು. ಅತ್ತೆ ತಲೆ ತಲೆ ಚಚ್ಚಿಕೊಂಡರು. ಮಾವ ಮಾತ್ರ ನಕ್ಕರು.

"ಈಕಿನ್ನ ಒಲಿ ಮುಂದ ಕುಂದ್ರಸಬ್ಯಾಡ್ರಿ, ಫೌಂಡ್ರಿಗೆ ಬರ್ಲಿ. ಸಿಟ್ಟಿನಾಕಿ ಸುಳ್ಳು ಅಳತಿ ಅಳಿಯೂದಿಲ್ಲ."

ಫೌಂಡ್ರಿ ಇರುವುದು ಮಸ್ಕಿ ರಸ್ತೆಯಲ್ಲಿ, ತಗಡಿನ ಚಾವಣಿಯ ಕೆಳಗೆ. ಸೂಗಪ್ಪ ಮೊದಲು ಎರೆಯುತ್ತಿದ್ದದ್ದು ಗುಡಿಯ ಗಂಟೆ, ದೀಪದ ಕಂಬ, ಎತ್ತಿನ ಕೊರಳ ಗೆಜ್ಜೆ. ಊರಿಗೆ ನಳ ಬಂದ ಮೇಲೆ ನೀರಿನ ಮೀಟರಿಗೆ ತಿರುಗಿದರು. ಹಿತ್ತಾಳೆ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದರೆ ಮೀಟರಿನ ಒಡಲು, ಮುಚ್ಚಳ ಬರುತ್ತಿದ್ದವು. ಒಳಗಿನ ಸಣ್ಣ ಚಕ್ರಗಳನ್ನು ಹೊರಗಿನಿಂದ ತರಿಸುತ್ತಿದ್ದರು. ಕೆಲಸ ನಡೆಯಿತು, ಹೆಸರೂ ಬಂತು. ಆದರೆ ಆ ಹಿರಿಯನ ಮನಸ್ಸಿಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು.

"ಕುಡಿಯೂ ನೀರು ಅಳದು ಕೊಡೂ ಕೆಲಸಕ್ಕ ಬಿದ್ದೀವಿ. ಕಾಯಿಪಲ್ಲೆ ಮಾರಾಕಿ ಸೈತ ತೂಗಿದ ಮ್ಯಾಲ ಒಂದು ಹಿಡಿ ಕೊಸರು ಹಾಕ್ತಾಳ. ನಾವು ಹಾಕಬಾರದೇನು?" ಎನ್ನುತ್ತಿದ್ದರು.

ಮೀಟರು ನೂರಕ್ಕೆ ಎರಡು ಹೆಚ್ಚು ತೋರಿಸಲಿ, ಎರಡು ಕಡಿಮೆ ತೋರಿಸಲಿ, ಕಾನೂನು ಒಪ್ಪುತ್ತದೆ. ಆ ಎರಡನ್ನು ಸೂಗಪ್ಪ ನೀರು ಹಿಡಿಯುವ ಮನೆಗೆ ಬಿಟ್ಟುಕೊಟ್ಟರು. ಹತ್ತು ಮೀಟರನ್ನು ಒಂದೇ ಪೈಪಿಗೆ ಸಾಲಾಗಿ ಜೋಡಿಸಿ, ಕೊನೆಯ ನಳಕ್ಕೆ ಹತ್ತು ಲೀಟರಿನ ತಾಮ್ರದ ಕೊಡ ಹಿಡಿಯುವುದು. ನೂರು ಕೊಡ ತುಂಬುವ ಹೊತ್ತಿಗೆ ಎಲ್ಲ ಮೀಟರಿನಲ್ಲೂ ತೊಂಬತ್ತೆಂಟು ಕೊಡದ ನೀರೇ ಕಾಣಬೇಕು. ಕಾಣದಿದ್ದರೆ ಒಳಗಿನ ತಿರುಪು ತಿರುವಬೇಕು. ಸರಿಯಾದ ಮೇಲೆ ತಿರುಪಿಗೆ ತಂತಿ ಪೋಣಿಸಿ, ಸೀಸದ ಬಿಲ್ಲೆ ಇಟ್ಟು, ಇಕ್ಕಳದಿಂದ ಒತ್ತಿ ಮುದ್ರೆ ಹಾಕಬೇಕು. ಇಕ್ಕಳದ ಬಾಯಲ್ಲಿ 'ಗು' ಎಂದು ಕೊರೆಸಿ ಸೂಗಪ್ಪ ಸೊಸೆಯ ಕೈಗೇ ಕೊಟ್ಟಿದ್ದರು. ಮಾವ ಹೋದರು, ಕುಲುಮೆ ನೋಡಿಕೊಳ್ಳುತ್ತಿದ್ದ ಗಂಡ ಗಾದಿಲಿಂಗನೂ ಹೋದ. ನಲವತ್ತೆರಡು ವರ್ಷ ಅವಳು ಕೊಡ ಎಣಿಸಿದಳು, ಮುದ್ರೆ ಒತ್ತಿದಳು. ಒಂದು ಮೀಟರೂ ಹಿಂದೆ ಬಂದಿರಲಿಲ್ಲ.

ಬಂದದ್ದು ಹೋದ ತಿಂಗಳು. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಲಿಂಗಸುಗೂರಿನ ತಮ್ಮನ ಮನೆಯಲ್ಲಿ ಒಂದೂವರೆ ತಿಂಗಳು ಇದ್ದು, ಗುರುಲಿಂಗಮ್ಮ ಆಗಷ್ಟೇ ತಿರುಗಿ ಬಂದಿದ್ದಳು. ತುರ್ವಿಹಾಳದ ಹಸೀನಾಬೀ ಚೀಲದಲ್ಲಿ ಮೀಟರು ಹೊತ್ತು ಫೌಂಡ್ರಿಯ ಅಂಗಳಕ್ಕೆ ಬಂದಳು. ಅವಳ ಗಂಡ ಇಸ್ಮಾಯಿಲ್‌ಸಾಬ್ ಇದೇ ಫೌಂಡ್ರಿಯಲ್ಲಿ ಮೂವತ್ತು ವರ್ಷ ಮರಳಿನ ಅಚ್ಚು ಕಟ್ಟಿದವನು. ಅವನು ಕೆಲಸ ಬಿಟ್ಟಾಗ ಸೂಗಪ್ಪ ಶಾಲು ಹೊದಿಸಿರಲಿಲ್ಲ, ಒಂದು ಅಳತೆಯ ಕೊಡವನ್ನೇ ಕೊಟ್ಟು ಕಳಿಸಿದ್ದರು. ಇಸ್ಮಾಯಿಲ್‌ಸಾಬ್ ಈಗಿಲ್ಲ. ಕೊಡ ಇದೆ.

"ಗುರುಲಿಂಗಕ್ಕ, ನಳಕ್ಕ ಹೊಸ ಮೀಟರ್ ಕುಂದ್ರಿಸ್ಯಾರ. ನಮ್ಮ ಫೌಂಡ್ರಿದು ಅಂತ ಖುಷೀಲೆ ಓಣಿ ಹೆಂಗಸರನ್ನೆಲ್ಲ ಕರದು ಅದಾ ಕೊಡದಾಗ ನೂರು ಎಣಿಸಿ ತುಂಬಿಸೀನಿ. ನೂರಾ ಎರಡು ತೋರಸ್ತೈತಿ. ನಾ ತಪ್ಪು ಎಣಿಸೀನಿ ಅಂತ ಎರಡು ದಿನ ಬಿಟ್ಟು ಮತ್ತ ನೀರು ಬಂದಾಗ ಎಣಿಸಿದೆ. ಮತ್ತ ನೂರಾ ಎರಡಾ. ಪ್ಲಂಬರ್‌ಗೆ ಹೇಳಿ ಬಿಚ್ಚಿಸ್ಕೊಂಡು ಬಂದೀನಿ. ನೀನಾ ನೋಡು."

ಗುರುಲಿಂಗಮ್ಮ ಮೀಟರು ಕೈಗೆ ತೆಗೆದುಕೊಂಡಳು. ತಿರುಪಿನ ಮೇಲೆ ಸೀಸದ ಬಿಲ್ಲೆ. ಬಿಲ್ಲೆಯ ಮೇಲೆ 'ಗು'. ಅವಳ ಮೈ ಉರಿದುಹೋಯಿತು. ತಾನು ಊರಲ್ಲಿಲ್ಲದಾಗ ತನ್ನ ಇಕ್ಕಳ ದೇವರ ಜಗುಲಿಯ ಮೇಲಿತ್ತು. ಅಲ್ಲಿಂದ ತೆಗೆದವರು ಯಾರು ಎಂದು ಶಾಸ್ತ್ರ ಕೇಳಬೇಕಾಗಿರಲಿಲ್ಲ. ಮನೆಯಲ್ಲಿದ್ದವನು ಮಗ ಅನಿಲಕುಮಾರ ಒಬ್ಬನೇ.

"ಲೇ ಅನಿಲಾ! ಹೊರಗ ಬಾ!"

ಅನಿಲಕುಮಾರ ಬಂದ. ಹಸೀನಾಬೀಯನ್ನು ಕಂಡ, ಮೀಟರು ಕಂಡ, ನೆಲ ನೋಡಿದ. ನೀರಿನ ಯೋಜನೆಯ ಗುತ್ತೇದಾರ ತುರ್ವಿಹಾಳಕ್ಕೆ ಮುನ್ನೂರು ಮೀಟರು ಬೇಕೆಂದಿದ್ದ. ನೀರಿನ ಬಿಲ್ಲು ವಸೂಲಿಯೂ ಅವನದೇ, ಮೀಟರು ಓಡಿದಷ್ಟೂ ಅವನ ಕಿಸೆ ತುಂಬುವುದು. ಕೊಸರು ತನ್ನ ಕಡೆಗೆ ಬರಲಿ, ಇಲ್ಲವಾದರೆ ಬೇರೆಯವರಲ್ಲಿ ಕೊಳ್ಳುತ್ತೇನೆ ಎಂದಿದ್ದ.

"ಯವ್ವಾ, ಕಾನೂನು ಮುರದಿಲ್ಲ ನಾನು. ಎರಡು ಆಕಡಿ, ಎರಡು ಈಕಡಿ, ಎರಡೂ ನಡೀತೈತಿ. ಸೂಗಪ್ಪ ಮುತ್ಯಾ ಜನರಿಗೆ ಕೊಟ್ಟ, ನಾ ಗುತ್ತೇದಾರಗ ಕೊಟ್ಟೆ. ಅಷ್ಟಾ."

"ಅಷ್ಟಾ?" ಗುರುಲಿಂಗಮ್ಮನ ದನಿಗೆ ಕುಲುಮೆಯವರು ಕೆಲಸ ನಿಲ್ಲಿಸಿದರು. "ಕೊಡ ಹೊತ್ತು ಸೊಂಟ ಮುರಕೊಂಡ ಹೆಂಗಸರ ಕಡಿಂದ ಕಸಗೊಂಡು, ಕಾರಿನಾಗ ಬರಾವಗ ಕೊಸರು ಕೊಟ್ಟಿ! ಕೊಡಾದು ಇದ್ರ ನಿನ್ನ ಹೆಸರಿಲೆ ಕೊಡಬೇಕಿತ್ತಲೇ. ನನ್ನ ಮುದ್ರಿ ಯಾಕ ಒತ್ತಿದಿ?"

"ನಿನ್ನ ಮುದ್ರಿ ಇದ್ರ ಜನ ನಂಬ್ತಾರ," ಎಂದುಬಿಟ್ಟ ಅವನು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ನಂಬಿಕೆ ಇದೆ ಎಂದು ಗೊತ್ತಿದ್ದೇ, ನಂಬಿದವರ ಮನೆಗೇ ಕನ್ನ ಹಾಕಿದ್ದಾನೆ. ಗುತ್ತೇದಾರ ಹೊರಗಿನವನು, ಅವನ ಬಾಯಿ ದೊಡ್ಡದು ಎಂದುಕೊಂಡು ಬಿಡಬಹುದಿತ್ತು. ಇವನು ಆ ಕೊಡ ಎಣಿಸುವ ದನಿ ಕೇಳುತ್ತಲೇ ತೊಟ್ಟಿಲಲ್ಲಿ ಮಲಗಿದವನು. ಗುರುಲಿಂಗಮ್ಮನಿಗೆ ಅಳು ಬರಲಿಲ್ಲ, ಹೊಡೆಯಬೇಕು ಎನ್ನಿಸಿತು. ಹೊಡೆಯಲಿಲ್ಲ. ಇಕ್ಕಳ, ಸೀಸದ ಬಿಲ್ಲೆಗಳ ಡಬ್ಬಿ, ತಂತಿಯ ಸುರುಳಿ, ತಿರುಪಿನ ಉಳಿ ಚೀಲಕ್ಕೆ ಹಾಕಿಕೊಂಡು, ಹಸೀನಾಬೀಯ ಜೊತೆ ತುರ್ವಿಹಾಳದ ಬಸ್ಸು ಹತ್ತಿದಳು.

ಮೊದಲು ಹಸೀನಾಬೀಯ ಮೀಟರು. ನೂರು ಕೊಡ ಎಣಿಸಿ, ತಿರುಪು ಎಷ್ಟು ತಿರುವಬೇಕೆಂದು ಅಲ್ಲೇ ಗೊತ್ತುಮಾಡಿಕೊಂಡಳು. ಆಮೇಲೆ ಪಕ್ಕದ ಅಂಬಮ್ಮನ ಮನೆ. ಮುದ್ರೆ ಕತ್ತರಿಸುವುದು, ತಿರುಪು ಹಿಂದಕ್ಕೆ ತಿರುವುವುದು, ಹೊಸ ಮುದ್ರೆ ಒತ್ತುವುದು. "ನಮ್ಮ ಮನಿಯಿಂದ ತಪ್ಪಾಗೈತಿ, ಸರಿ ಮಾಡಾಕ ಬಂದೀನಿ" ಎಂದು ಪ್ರತಿ ಬಾಗಿಲಲ್ಲೂ ಹೇಳಿದಳು. ಕೆಲವರು ಚಹಾ ಕೊಟ್ಟರು. "ಇಷ್ಟು ದಿನದ್ದು ಯಾರು ಕೊಡ್ತಾರ?" ಎಂದು ಒಬ್ಬಳು ಮುಖಕ್ಕೆ ಹೊಡೆದಂತೆ ಕೇಳಿದಳು. ಕೇಳಬೇಕಾದದ್ದೇ.

ಹನ್ನೆರಡನೆಯ ಮನೆಯಲ್ಲಿರುವಾಗ ಅನಿಲಕುಮಾರನ ಬೈಕು ಬಂತು.

"ಯವ್ವಾ, ಬಿಡು. ಗುತ್ತೇದಾರ ಫೋನ್ ಮಾಡಾಕತ್ಯಾನ. ಕುಂದ್ರಿಸಿದ ಮೀಟರಿನ ಮುದ್ರಿ ಒಡದ್ರ ಕೇಸ್ ಆಗ್ತೈತಿ."

"ಆಗ್ಲಿ. ಮುದ್ರಿ ಯಾರದು?"

"ನಿಂದ."

"ಒತ್ತಿದಾವ ಯಾರು?"

ಓಣಿಯ ಹೆಂಗಸರು ಕೊಡ ಕೆಳಗಿಟ್ಟು ಅವನ ಬಾಯಿ ನೋಡುತ್ತ ನಿಂತರು. ಅವನ ಕಿಸೆಯಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ತಾಯಿ ಮತ್ತೆ ಕೇಳಲಿಲ್ಲ, ಗೋಡೆಯ ಬುಡದ ಮೀಟರಿಗೆ ಬಗ್ಗಿದಳು. ಆಪರೇಷನ್ ಆದ ಕಣ್ಣಿನಿಂದ ನೀರು ಸುರಿಯಿತು.

"ನಾನಾ ಒತ್ತೀನಿ," ಎಂದ ಅನಿಲಕುಮಾರ, ಎಲ್ಲರಿಗೂ ಕೇಳುವಂತೆ. ಫೋನು ಬಂದ್ ಮಾಡಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕುಳಿತ. "ಡಾಕ್ಟರ್ ನಿನಗ ಬಗ್ಗಬ್ಯಾಡ ಅಂದಾರ. ಇಲ್ಲಿ ಕೊಡು, ನಾ ಮಾಡ್ತೀನಿ."

ಗುರುಲಿಂಗಮ್ಮ ಅವನ ಚಾಚಿದ ಕೈಯನ್ನು ಒಂದು ಗಳಿಗೆ ನೋಡಿದಳು. ತಿರುಪಿನ ಉಳಿಯನ್ನು ಆ ಕೈಯಲ್ಲಿಟ್ಟಳು. ಇಕ್ಕಳವನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ತಿರುಪು ನೀ ತಿರುವು. ಮುದ್ರಿ ನಾ ಒತ್ತತೀನಿ. ನಾ ಸತ್ರೂ ಇದನ್ನ ನನ್ನ ಕೂಡ ಮಣ್ಣಿಗೆ ಇಡ್ರಿ, ನಿನ್ನ ಕೈಗೆ ಕೊಡೂದಿಲ್ಲ."

ಅವನು ತಿರುಪು ತಿರುವಿದ. ಇನ್ನೂ ಇನ್ನೂರ ಎಂಬತ್ತೆಂಟು ಮನೆ ಇದ್ದವು.