ಗಂಟೆ ಹೊಡೆ ಎಂದವರು

ಹುಣಸೂರಿನ ಹೈಸ್ಕೂಲಿನ ಆಫೀಸಿಗೆ ನಾನು ಎರಡನೆಯ ಗುಮಾಸ್ತನಾಗಿ ಸೇರಿದ್ದು ಯುದ್ಧದ ಕಾಲದಲ್ಲಿ. ಸೀಮೆಎಣ್ಣೆ ಸಿಗದು, ಕಾಗದ ಸಿಗದು. ಬಂದ ಲಕೋಟೆಗಳನ್ನೇ ಬಿಚ್ಚಿ, ಒಳಮಗ್ಗುಲಿನಲ್ಲಿ ಬರೆಯುತ್ತಿದ್ದೆವು. ಆಫೀಸು ಎಂದರೆ ಮೂವರು. ಹೆಡ್ ಗುಮಾಸ್ತರು, ನಾನು, ಜವಾನ. ಹೆಡ್‌ಮಾಸ್ಟರು ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರು. ನಡುವೆ ಬಾಗಿಲಿಲ್ಲ, ಅರ್ಧ ಗೋಡೆ ಮಾತ್ರ. ಅವರು ಕೆಮ್ಮಿದರೆ ನಮಗೆ ಕೇಳುತ್ತಿತ್ತು.

ಶಾಲೆ ನಡೆಯುತ್ತಿದ್ದುದು ಮೇಷ್ಟರುಗಳಿಂದ ಎಂದು ಊರಿನವರು ತಿಳಿದಿದ್ದರು. ಮೇಷ್ಟರುಗಳೂ ಹಾಗೆಯೇ ತಿಳಿದಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆದು, ಬಾವಲಿಯ ಹಿಕ್ಕೆ ಗುಡಿಸಿ, ಮಸಿ ಬಟ್ಟಲುಗಳನ್ನು ತುಂಬಿ, ಹೊಂಗೆಮರಕ್ಕೆ ತೂಗುಬಿಟ್ಟ ರೈಲುಕಂಬಿಯ ತುಂಡಿಗೆ ಹೊತ್ತುಹೊತ್ತಿಗೆ ಹೊಡೆಯುತ್ತಿದ್ದವನು ಜವಾನ. ಹೊಸ ಅಗ್ರಹಾರದ ಕಡೆಯ ಕೂಲಿ ಕುಟುಂಬದವನು. ಖಾಕಿ ಕೋಟು ತೊಟ್ಟಾಗ ಎದೆ ಸ್ವಲ್ಪ ಮುಂದೆ ಬರುತ್ತಿತ್ತು. ಆ ಕೋಟಿನಿಂದಲೇ ತನ್ನ ಮನೆಯವರಿಗೆ ಊರಲ್ಲಿ ಕೂರಲು ಜಗಲಿ ಸಿಗುತ್ತಿದೆ ಎಂದು ಒಮ್ಮೆ ನನಗೆ ಹೇಳಿದ್ದ.

ಆ ವರ್ಷ ಎಲ್ಲೆಲ್ಲೂ ಹುಡುಗರು ತರಗತಿ ಬಿಟ್ಟು ಬೀದಿಗಿಳಿಯುತ್ತಿದ್ದರು. ಕೃಷ್ಣರಾಜನಗರದಲ್ಲಿ ಲಾಠಿ ಬೀಸಿದರು ಎಂಬ ಸುದ್ದಿ ಬಂದಿತ್ತು. ಒಂದು ದಿನ ಮಧ್ಯಾಹ್ನಕ್ಕೆ ಮುಂಚೆ, ಅಮಲ್ದಾರರು ಪೊಲೀಸರನ್ನು ಕರೆಸಿ ಶಾಲೆಯ ಮುಂದಿನ ರಸ್ತೆಯಲ್ಲಿ ನಿಲ್ಲಿಸುತ್ತಾರಂತೆ ಎಂದು ಯಾರೋ ಬಂದು ಹೇಳಿಹೋದರು. ಊಟದ ಹೊತ್ತಿಗೆ ಹುಡುಗರು ಘೋಷಣೆ ಕೂಗುತ್ತ ಹೊರಬಿದ್ದರೆ ಏಟು ತಪ್ಪುವಂತಿರಲಿಲ್ಲ. ಹೆಡ್‌ಮಾಸ್ಟರು ನಮ್ಮ ಕೋಣೆಗೆ ಬಂದರು. ಪೇಟ ತೆಗೆದು ಕೈಯಲ್ಲಿ ಹಿಡಿದಿದ್ದರು. ಮುಖ ಬೆವೆತಿತ್ತು.

"ಹೊಡೆಯಯ್ಯ, ಈಗಲೇ ಬಿಡುವ ಗಂಟೆ ಹೊಡೆ," ಎಂದರು ಜವಾನನಿಗೆ. "ಹಿಂದಿನ ಬೇಲಿ ತೆಗೆ. ಹುಡುಗರು ಹೊಳೆ ಕಡೆಯಿಂದ ಮನೆಗೆ ಹೋಗಲಿ."

"ಒತ್ತಾಗಿಲ್ವಲ್ಲ ಬುದ್ದಿ?"

"ನಾನು ಹೇಳುತ್ತಿದ್ದೇನಲ್ಲ, ಹೊಡೆ."

ಅವನು ಹೊಡೆದ. ಆ ಗಳಿಗೆಯಲ್ಲಿ ಹೆಡ್‌ಮಾಸ್ಟರ ಬಗ್ಗೆ ನನಗೆ ಗೌರವ ಉಕ್ಕಿಬಂತು. ಅದನ್ನು ಈಗಲೂ ಅಲ್ಲಗಳೆಯುವುದಿಲ್ಲ. ಮಕ್ಕಳನ್ನು ಉಳಿಸಬೇಕು ಎಂದು ಅವರಿಗೆ ನಿಜವಾಗಿಯೂ ಅನ್ನಿಸಿತ್ತು.

ಆದರೆ ಹುಡುಗರೆಲ್ಲ ಮನೆಗೆ ಹೋಗಲಿಲ್ಲ. ಹೊಳೆಯ ದಡದಿಂದ ಸುತ್ತಿ ಒಂದು ಗುಂಪು ತಾಲ್ಲೂಕು ಕಚೇರಿಗೆ ನುಗ್ಗಿತು. ಕಿಟಕಿಯ ಗಾಜು ಒಡೆಯಿತು. ಅಮಲ್ದಾರರ ಮೇಜಿನ ಮೇಲೆ ಕಲ್ಲು ಬಿತ್ತು. ಗಂಟೆ ಬೇಗ ಹೊಡೆದದ್ದರಿಂದಲೇ ಪೊಲೀಸರಿಗೆ ಸುಳಿವು ತಪ್ಪಿತು ಎಂದು ಅವರು ಮೈಸೂರಿಗೆ ಬರೆದರು.

ವಿಚಾರಣೆಗೆ ಬಂದ ಸಾಹೇಬರು ನಮ್ಮ ಆಫೀಸಿನಲ್ಲೇ ಕುಳಿತರು. ಮೊದಲು ಜವಾನನನ್ನು ಕರೆದರು.

"ಯಾರ ಅಪ್ಪಣೆ ಮೇಲೆ ಹೊಡೆದೆ?"

"ನಮ್ ದೊಡ್ಡ ಬುದ್ದಿಯೋರು ಯೋಳುದ್ರು, ಒಡದೆ ಸ್ವಾಮಿ." ಅವನ ದನಿಯಲ್ಲಿ ಭಯವೇ ಇರಲಿಲ್ಲ. ಹೇಳಿದವರು ಎದುರಿಗೇ ಕುಳಿತಿದ್ದಾರಲ್ಲ ಎಂಬ ಧೈರ್ಯ.

ಸಾಹೇಬರು ಹೆಡ್‌ಮಾಸ್ಟರ ಕಡೆ ತಿರುಗಿದರು. ಹೆಡ್‌ಮಾಸ್ಟರು ಕಿಟಕಿಯ ಕಡೆ ನೋಡಿದರು.

"ನಾನು ಅಂಥ ಅಪ್ಪಣೆ ಕೊಟ್ಟಿಲ್ಲ. ಹುಡುಗರು ಇವನನ್ನು ಪುಸಲಾಯಿಸಿರಬೇಕು."



ಹೆಡ್ ಗುಮಾಸ್ತರ ಸರದಿ ಬಂತು. ಇಡೀ ಶಾಲೆಯನ್ನು ಬೆರಳ ತುದಿಯಲ್ಲಿ ಆಡಿಸುತ್ತಿದ್ದ ಮನುಷ್ಯ. ಹೆಡ್‌ಮಾಸ್ಟರು ರುಜು ಹಾಕುತ್ತಿದ್ದ ಪ್ರತಿ ಮಾತೂ ಅವರದೇ. ಪಿಂಚಣಿ ಹತ್ತಿರವಾಗಿತ್ತು, ಮದುವೆಯಾಗದ ಹೆಣ್ಣುಮಕ್ಕಳಿದ್ದರು. "ನಾನು ಟೈಪು ಹೊಡೆಯುತ್ತಿದ್ದೆ ಸ್ವಾಮಿ. ಸದ್ದಿನಲ್ಲಿ ಏನೂ ಕೇಳಿಸಲಿಲ್ಲ," ಎಂದರು. ಟೈಪ್‌ರೈಟರು ಆ ದಿನಕ್ಕೂ ಮೊದಲೇ ಕೆಟ್ಟು ರಿಪೇರಿಗೆ ಹೋಗಿತ್ತು, ಇನ್ನೂ ಬಂದಿರಲಿಲ್ಲ. ಅದನ್ನು ಇಡುತ್ತಿದ್ದ ಮೇಜು ಸಾಹೇಬರ ಮೊಣಕೈ ಕೆಳಗೇ ಬರಿದಾಗಿತ್ತು.

ನಾನು ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಸಾಹೇಬರು ಪೆನ್ನು ಕೆಳಗಿಟ್ಟು, "ನೀನೂ ಖಾದಿ ಪಾರ್ಟಿಯೋ?" ಎಂದರು. ಅಷ್ಟೇ. ನನ್ನ ಹೇಳಿಕೆಯನ್ನು ಬರೆದುಕೊಳ್ಳಲೇ ಇಲ್ಲ.

ಜವಾನನ ಕೋಟು ಬಿಚ್ಚಿಸಿಕೊಂಡರು. ಅವನು ಗುಂಡಿ ಬಿಚ್ಚುವಾಗ ಹೆಡ್ ಗುಮಾಸ್ತರು ಎದ್ದು ನೀರು ಕುಡಿಯಲು ಹೋದರು. ನನ್ನನ್ನು ಹೆಗ್ಗಡದೇವನಕೋಟೆಯ ಮಿಡ್ಲ್ ಸ್ಕೂಲಿಗೆ ವರ್ಗ ಮಾಡಿದರು. ಆಗ ಕೋಟೆಗೆ ಹಾಕಿದರು ಎಂದರೆ ಮಲೇರಿಯಕ್ಕೆ ಹಾಕಿದರು ಎಂದೇ ಅರ್ಥ. ಅಲ್ಲಿ ಚಳಿಜ್ವರ ನನ್ನನ್ನು ಹಿಂಡಿತು. ಜೊತೆಗೆ ಬಂದಿದ್ದ ತಾಯಿಯನ್ನು ಕರೆದುಕೊಂಡೇ ಹೋಯಿತು. ನಿಜ ಹೇಳಿದ್ದಕ್ಕೆ ನನಗೆ ಯಾವ ಹೆಮ್ಮೆಯೂ ಉಳಿಯಲಿಲ್ಲ. ಅದರಿಂದ ಅವನ ಕೆಲಸ ಉಳಿಯಲಿಲ್ಲ. ನನ್ನ ಮನೆಯಲ್ಲಿ ಒಂದು ಜೀವ ಹೋಯಿತು.

ದೇಶಕ್ಕೆ ಸ್ವಾತಂತ್ರ್ಯ ಬಂತು. ನನ್ನನ್ನು ಮತ್ತೆ ಹುಣಸೂರಿಗೆ ಹಾಕಿದರು. ಹೆಡ್‌ಮಾಸ್ಟರು ಅಷ್ಟರಲ್ಲಿ ಮೈಸೂರಿನಲ್ಲಿ ದೊಡ್ಡ ಅಧಿಕಾರಿಯಾಗಿದ್ದರು. ಶಾಲೆಯ ವಾರ್ಷಿಕೋತ್ಸವಕ್ಕೆ ಅವರೇ ಅಧ್ಯಕ್ಷರು. ಖಾದಿ ಕೋಟು, ಬಿಳಿ ಟೋಪಿ. ಭಾಷಣದ ನಡುವೆ, "ಆ ದಿನ ನನ್ನ ಉದ್ಯೋಗವನ್ನೇ ಪಣಕ್ಕಿಟ್ಟು, ಗಂಟೆ ಹೊಡೆ ಎಂದು ನಾನೇ ಆಜ್ಞಾಪಿಸಿದೆ," ಎಂದರು. ಚಪ್ಪಾಳೆ ಬಿತ್ತು. ಪಿಂಚಣಿ ಪಡೆಯುತ್ತಿದ್ದ ಹೆಡ್ ಗುಮಾಸ್ತರು ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಮರುದಿನ ಮರದ ಡಿಪೋಗೆ ಹೋದೆ. ಜವಾನ ಅಲ್ಲಿ ದಿಮ್ಮಿ ಉರುಳಿಸುವ ಕೂಲಿಯಾಗಿದ್ದ. ಎಡಗೈಯ ಎರಡು ಬೆರಳು ದಿಮ್ಮಿಗೆ ಸಿಕ್ಕಿ ಜಜ್ಜಿಹೋಗಿದ್ದವು. ನಡೆದದ್ದನ್ನು ಹೇಳಿದೆ.

"ಈಗ ನೆಪ್ಪಾಯ್ತಾ ಅವ್ರಿಗೆ?" ಎಂದ.

"ಬಾ, ಈಗ ಅವರ ಬಾಯಲ್ಲೇ ಬಂದಿದೆ. ಕೆಲಸ ವಾಪಸ್ಸು ಕೇಳೋಣ."

"ಬ್ಯಾಡ ಬುಡಿ ಸ್ವಾಮಿ."

ನಾನೇ ಬಲವಂತ ಮಾಡಿದೆ. ನಮ್ಮ ಹಳೆಯ ಹೆಡ್‌ಮಾಸ್ಟರು ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದರು. ಜವಾನ ಗೇಟಿನ ಹತ್ತಿರವೇ ನಿಂತ. ನಾನೊಬ್ಬನೇ ಒಳಗೆ ಹೋಗಿ ವಿಷಯ ತೆಗೆದೆ. ಅವರು ಕೋಪಿಸಿಕೊಳ್ಳಲಿಲ್ಲ. ಕುರ್ಚಿ ತೋರಿಸಿದರು, ಕಾಫಿ ತರಿಸಿದರು.

"ನೋಡಿ, ಅಂದು ನಾನು ಒಪ್ಪಿಕೊಂಡಿದ್ದರೆ ನನ್ನ ಜೀವಮಾನದ ಓದು, ಹುದ್ದೆ ಎಲ್ಲ ಮಣ್ಣುಪಾಲಾಗುತ್ತಿತ್ತು. ಅವನಿಗೇನು, ಕೂಲಿ ಎಲ್ಲಾದರೂ ಸಿಗುತ್ತದೆ. ಸಿಕ್ಕಿದೆಯಲ್ಲ? ಈಗ ಹಳೆಯದನ್ನು ಕೆದಕಿದರೆ ಶಾಲೆಯ ಹೆಸರೇ ಕೆಡುತ್ತದೆ."

ಕಾಫಿ ಮುಟ್ಟದೆ ಎದ್ದು ಬಂದೆ. ಅದೊಂದೇ ನನ್ನಿಂದಾದ ಪ್ರತಿಭಟನೆ. ಅದನ್ನೂ ಅವರು ಗಮನಿಸಿದಂತೆ ಕಾಣಲಿಲ್ಲ.

ಜವಾನ ಗೇಟಿನ ಬಳಿ ಕುಕ್ಕರುಗಾಲಲ್ಲಿ ಕುಳಿತಿದ್ದ. ನನ್ನ ಮುಖ ನೋಡಿಯೇ ಎದ್ದು ತಲೆವಸ್ತ್ರ ಬಿಗಿದುಕೊಂಡ.

"ಅವ್ರು ಇಲ್ಲ ಅಂದಿದ್ಕೆ ನಂಗೇನಿಲ್ಲ ಕಣ್ರೀ," ಎಂದ. "ದೊಡ್ಡೋರು, ಎದುರ್ಕಂಡಿದ್ರು. ಆದ್ರೆ ಉಡುಗ್ರು ಪುಸಲಾಯ್ಸಿದ್ರು ಅಂದ್ಬುಟ್ರಲ್ಲ, ನಾನ್ ಅಷ್ಟು ದಡ್ಡನಂಗೆ ಕಾಣ್ತಿದ್ನಾ?"

ಡಿಪೋಗೆ ಲಾರಿ ಬರುವ ಹೊತ್ತಾಯಿತೆಂದು ಪಿರಿಯಾಪಟ್ಟಣದ ರಸ್ತೆ ಹಿಡಿದು ನಡೆದ. ಆಮೇಲೆ ಎದುರಿಗೆ ಸಿಕ್ಕಾಗಲೆಲ್ಲ ಅವನು ನನ್ನೊಡನೆ ಮಳೆ, ರಾಗಿಯ ಮಾತು ಮಾತ್ರ ಆಡುತ್ತಿದ್ದ.